ಮಾರ್ಲಿ ಹೋದರೂ ಬಾಕ್ಸ್ ಆಫ್ ಆಗಿಲ್ಲ ಕಣೋ

ಪ್ರೀತಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗ ಸರಿಯಾಗಿ ಉತ್ತರ ಕೊಡಲಿಲ್ಲ. "ರೆಗೆನಾ? ಅದು ಬಾಬ್ ಮಾರ್ಲಿ ಜೊತೆಗೇ ಹೋಯ್ತಲ್ವಾ? ಈಗೇನಿದ್ರೂ ಟೀ ಶರ್ಟ್ ಮೇಲೆ ಅಷ್ಟೇ" ಅಂದೆ. ನಾನು ನಕ್ಕು ಸುಮ್ಮನಾದೆ. ಕೆನಡಾದ ಈ ಟೊರಾಂಟೊಗೆ ಬರುವ ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ, ಜಮೈಕಾದ ಈ ರೆಗೆ ಸಂಗೀತ ಅದರ ಹೆಸರಾಂತ ಹಾಡುಗಾರ ಮಾರ್ಲಿ ಜೊತೆಗೇ ಮುಗಿಯಿತು ಅಂತ. ಅದಕ್ಕೇ ಈ ಪತ್ರ. ಉದ್ದ ಆದರೆ ಬೈಕೋಬೇಡ.

ನಾನು ಕೆಲಸ ಮಾಡುವ ಗೋಡೌನಿನಲ್ಲಿ ನಮ್ಮ ಶಿಫ್ಟಿನ ಸೂಪರ್‌ವೈಸರ್ ಜಮೈಕಾದ ಹೆಂಗಸು. ಕೆರಿಬಿಯನ್ ಸಮುದ್ರದ ದ್ವೀಪ ಅದು. ಅರವತ್ತರ ಹತ್ತಿರ ವಯಸ್ಸು. ಮನಸ್ಸಿನಲ್ಲೇ ಅವರನ್ನು ಅಕ್ಕ ಅಂತೀನಿ. ಅವರ ದೇಶ ಎಷ್ಟು ದೊಡ್ಡದು ಅಂತ ಒಂದಿನ ಹುಡುಕಿ ನೋಡಿದೆ. ಸುಮಾರು 11 ಸಾವಿರ ಚದರ ಕಿಲೋಮೀಟರ್, 28 ಲಕ್ಷ ಜನ. ಅಂದರೆ ನಮ್ಮ ತುಮಕೂರು ಜಿಲ್ಲೆ ಕಣೋ! ಜಾಗವೂ ಹೆಚ್ಚುಕಡಿಮೆ ಅಷ್ಟೇ, ಜನವೂ ಅಷ್ಟೇ. ನಮ್ಮ ಜಿಲ್ಲೆಯ ಹುಡುಗರು ಕಟ್ಟಿದ ಹಾಡಿಗೆ ಲಂಡನ್ನಿನಲ್ಲಿ, ಟೋಕಿಯೋದಲ್ಲಿ, ಲಾಗೋಸಿನಲ್ಲಿ ಜನ ಕುಣಿಯುತ್ತಾರೆ ಅಂತ ಸುಮ್ನೆ ಊಹಿಸಿಕೋ.

ನಿಮ್ಮಪ್ಪನ ಮೈಕ್ ಸೆಟ್ ಅಂಗಡಿಯಲ್ಲಿ ಬೆಳೆದ ನಿನಗೆ ಇದರ ಹುಟ್ಟು ಬೇಗ ಅರ್ಥವಾಗುತ್ತದೆ. 1950ರ ದಶಕದಲ್ಲಿ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಬಡವರ ಮನೆಯಲ್ಲಿ ರೆಕಾರ್ಡ್ ಪ್ಲೇಯರ್ ಎಲ್ಲಿಂದ ಬರಬೇಕು? ಸೌಂಡ್ ಸಿಸ್ಟಂ ಇಟ್ಟುಕೊಂಡವರು ಬಯಲಿನಲ್ಲಿ ಆಳೆತ್ತರದ ಬಾಕ್ಸುಗಳನ್ನು ಜೋಡಿಸುತ್ತಿದ್ದರು. ಪಕ್ಕದ ಬೀದಿಯವನ ಸೆಟ್ಟಿಗೂ ಇವನ ಸೆಟ್ಟಿಗೂ ಪೈಪೋಟಿ. ಒಳ್ಳೆಯ ಹಾಡಿನ ಹೆಸರು ಎದುರಾಳಿಗೆ ಗೊತ್ತಾಗಬಾರದು ಅಂತ ಪ್ಲೇಟಿನ ಮೇಲಿನ ಲೇಬಲ್ಲನ್ನೇ ಕೆರೆದು ಹಾಕುತ್ತಿದ್ದರಂತೆ. ಗುಬ್ಬಿ ಜಾತ್ರೆಯಲ್ಲಿ ನಿಮ್ಮಪ್ಪ ಬೇರೆ ಸೆಟ್ಟಿನವರ ಮೇಲೆ ಹಠಕ್ಕೆ ಬಿದ್ದು ಇನ್ನೆರಡು ಹಾರನ್ ಕಟ್ಟಿಸಿದ್ದು ನೆನಪಾಯಿತು. ಪ್ಲೇಟ್ ಹಾಕುವವನನ್ನು ಅಲ್ಲಿ ಸೆಲೆಕ್ಟರ್ ಅಂತಾರೆ. ಡೀಜೇ ಅಂದರೆ ಮೈಕ್ ಹಿಡಿದು ಹಾಡಿನ ಮೇಲೆ ಮಾತು ಪೋಣಿಸುವವನು. ಡ್ಯಾನ್ಸ್‌ಹಾಲ್ ಅನ್ನುವ, ರೆಗೆಯಿಂದ ಹುಟ್ಟಿದ ಕುಣಿತದ ಹಾಡು ಬೆಳೆದದ್ದು ಆ ಮೈಕ್ ಹಿಡಿದವನಿಂದಲೇ, 1970ರ ದಶಕದ ಕೊನೆಯ ಹೊತ್ತಿಗೆ.

ಇನ್ನೊಂದು ಮಾತು ತಿಳಿದುಕೊಳ್ಳದಿದ್ದರೆ ಏನೂ ತಿಳಿಯುವುದಿಲ್ಲ. ರಿಡಿಮ್. ಅಂದರೆ ನಮ್ಮ ಮಟ್ಟು. ಭಜನೆ ಮೇಳದವರು ಒಂದೇ ಮಟ್ಟಿಗೆ ಹತ್ತು ಪದ ಹಾಡುತ್ತಾರಲ್ಲ, ಹಾಗೆ. ಒಬ್ಬ ರಿಡಿಮ್ ಕಟ್ಟುತ್ತಾನೆ, ಇಪ್ಪತ್ತು ಜನ ಅದರ ಮೇಲೆ ತಮ್ಮ ತಮ್ಮ ಹಾಡು ಹಾಡುತ್ತಾರೆ. ಕದ್ದ ಅಂತ ಯಾರೂ ಅನ್ನುವುದಿಲ್ಲ. ಯಾರದು ಚೆನ್ನಾಗಿದೆ ಅಂತಷ್ಟೇ ನೋಡುತ್ತಾರೆ.

ಸ್ಲೆಂಗ್ ಟೆಂಗ್ ಅನ್ನುವ ರಿಡಿಮ್ಮಿನ ಕತೆ ನನಗೆ ತುಂಬಾ ಇಷ್ಟ. 1980ರಲ್ಲಿ ಓಕುಡಾ ಹಿರೋಕೊ ಎಂಬ ಜಪಾನಿನ ಹುಡುಗಿ ಕ್ಯಾಸಿಯೋ ಕಂಪನಿಗೆ ಸೇರಿದಳು. ಕಾಲೇಜಿನಲ್ಲಿ ಪ್ರಬಂಧ ಬರೆದದ್ದೇ ರೆಗೆ ಮೇಲೆ. ಎಂಟಿ-40 ಅನ್ನುವ ಪುಟ್ಟ ಕೀಬೋರ್ಡಿಗೆ, ಗುಂಡಿ ಒತ್ತಿದರೆ ತಾನೇ ನುಡಿಯುವ ತಾಳಗಳನ್ನು ತುಂಬುವ ಕೆಲಸ ಅವಳಿಗೆ ಬಂತು. ಅದರಲ್ಲಿ ಒಂದು 'ರಾಕ್' ತಾಳ. ಅದು ಹೇಗೋ ಕಿಂಗ್‌ಸ್ಟನ್ ಸೇರಿತು. 1985ರಲ್ಲಿ ಅದೇ ತಾಳದ ವೇಗ ಇಳಿಸಿ, ಮೇಲೆ ವೇಯ್ನ್ ಸ್ಮಿತ್ ಹಾಡಿದ. ಕಿಂಗ್ ಜಾಮಿ ರೆಕಾರ್ಡ್ ಮಾಡಿದ. ಡ್ರಮ್ ಬಾರಿಸುವವನೂ ಬೇಡ, ಬೇಸ್ ಗಿಟಾರಿನವನೂ ಬೇಡ. ಅವತ್ತಿಂದ ಡ್ಯಾನ್ಸ್‌ಹಾಲ್ ಕಂಪ್ಯೂಟರಿನ ಕಡೆ ತಿರುಗಿತು. ಆ ಒಂದು ಮಟ್ಟಿನ ಮೇಲೆ ನೂರಾರು ಹಾಡು ಬಂದಿವೆ. ಮಕ್ಕಳು ಕುಟ್ಟುವ ಕೀಬೋರ್ಡು, ಅಷ್ಟೇ!

ಇನ್ನೊಂದು ರಿಡಿಮ್ ನಿನಗೂ ಗೊತ್ತು. ಹಾಸ್ಟೆಲಿನಲ್ಲಿ ಆ ಎಂಪಿ3 ಸಿಡಿ ಇತ್ತಲ್ಲ, ಅದರಲ್ಲಿ ಚಪ್ಪಾಳೆ ಚಪ್ಪಾಳೆಯಾಗಿ ಬರುವ ಒಂದು ಹಾಡು. ಷಾನ್ ಪಾಲ್‌ದು, 'ಗೆಟ್ ಬ್ಯುಸಿ'. 2003ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೇ ಸ್ಥಾನಕ್ಕೆ ಹೋದದ್ದು. ಪದ ಒಂದೂ ತಿಳಿಯದೆ ಮಂಚದ ಮೇಲೆ ಹತ್ತಿ ಕುಣಿದಿದ್ವಿ. ಲೆಂಕಿ ಮಾರ್ಸ್‌ಡೆನ್ ಕಟ್ಟಿದ ಆ ರಿಡಿಮ್ಮಿನ ಹೆಸರೇನು ಗೊತ್ತಾ? ದೀವಾಲಿ! ನಮ್ಮ ದೀಪಾವಳಿಯೇ. ವೇಯ್ನ್ ವಂಡರ್, ಲೂಮಿಡೀ ಹಾಡಿದ್ದೂ ಅದೇ ಮಟ್ಟಿನ ಮೇಲೆ. ನಮ್ಮ ಜನ ಅಲ್ಲಿಗೆ ಹೋಗಿದ್ದು 1845ರಿಂದ, ಕಬ್ಬಿನ ತೋಟಕ್ಕೆ ಕೂಲಿಗೆ. ಸುಮಾರು 36 ಸಾವಿರ ಜನ, ಹೆಚ್ಚಿನವರು ಉತ್ತರ ಭಾರತದವರು. ಈ ಮಾತು ಬಂದಾಗ ನಮ್ಮ ಅಕ್ಕ ಕಣ್ಣು ಮಿಟುಕಿಸಿ, "ಗಾಂಜಾ ಅನ್ನೋ ಹೆಸರೂ ನಿಮ್ಮವರೇ ತಂದಿದ್ದು" ಅಂದರು. ಏನು ಹೇಳಲಿ, ಹಲ್ಲು ಕಿರಿದೆ.

ಈಗ ನಿನ್ನ ಪ್ರಶ್ನೆಗೆ ಬರ್ತೀನಿ. ಪಟ್ಟಿ ಹಿಡಿದು ನೋಡಿದರೆ ನೀನು ಹೇಳಿದ್ದೇ ಸರಿ ಅನ್ನಿಸುತ್ತದೆ. ಮಾರ್ಲಿ ತೀರಿಕೊಂಡದ್ದು 1981ರಲ್ಲಿ. ಅವನ ಹಳೆಯ ಹಾಡುಗಳನ್ನು ಸೇರಿಸಿ 1984ರಲ್ಲಿ ತಂದ 'ಲೆಜೆಂಡ್' ಆಲ್ಬಮ್ ಇವತ್ತಿಗೂ ಅಮೆರಿಕದ ಸಂಗೀತ ಪತ್ರಿಕೆ ಬಿಲ್‌ಬೋರ್ಡಿನ ರೆಗೆ ಪಟ್ಟಿಯ ತಲೆಯ ಮೇಲೆ ಕೂತು ವರ್ಷಗಟ್ಟಲೆ ಇಳಿಯುವುದೇ ಇಲ್ಲ. 2025ರಲ್ಲಿ ರೆಗೆಯ ಗ್ರ್ಯಾಮಿ ಪ್ರಶಸ್ತಿ ಹೋದದ್ದು ಅವನ ಮೇಲಿನ ಸಿನಿಮಾದ ನೆಪದಲ್ಲಿ ಬಂದ ಆಲ್ಬಮ್ಮಿಗೆ. 2022ರಲ್ಲಿ ಅಮೆರಿಕದ ವರ್ಜೀನಿಯಾದ ಸೋಜಾ ಅನ್ನುವ ತಂಡಕ್ಕೆ ಸಿಕ್ಕಿ ಜಮೈಕಾದಲ್ಲಿ ಗಲಾಟೆಯೇ ಆಯಿತು. ನಡುವೆ ಒಂದು ಸಂತೋಷವೂ ಇದೆ. 2020ರಲ್ಲಿ ಜಮೈಕಾದ ಸ್ಪ್ಯಾನಿಷ್ ಟೌನ್ ಊರಿನ ಕಾಫಿ ಎಂಬ ಹುಡುಗಿ 19ನೇ ವಯಸ್ಸಿಗೇ ಅದನ್ನು ಗೆದ್ದಳು. ತಂಡದ ಜೊತೆಯಲ್ಲದೆ ಒಬ್ಬಳೇ ಹಾಡಿ ರೆಗೆ ಆಲ್ಬಮ್ಮಿನ ಗ್ರ್ಯಾಮಿ ಪಡೆದ ಮೊದಲ ಹೆಂಗಸು ಅವಳೇ. ಒಮ್ಮೆ ಕೇಳು ಅವಳನ್ನ.

ಆದರೆ ಪಟ್ಟಿಗೆ ಸಿಗದೆ ಹೋದದ್ದೇ ಜಾಸ್ತಿ. ನಿನ್ನ ತಂಗಿ ಮದುವೆಯಲ್ಲಿ 'ಡೆಸ್ಪಸಿಟೋ'ಗೆ ಕುಣಿದ್ವಲ್ಲ? ದುಂ-ಚ-ದುಂ-ಚಿಕ್ ಅಂತ ಹೋಗುವ ಆ ತಾಳ ಇದೆಯಲ್ಲ, ಅದು ಕಿಂಗ್‌ಸ್ಟನ್ನಿನದೇ. 1989ರ ಹೊತ್ತಿಗೆ ಸ್ಟೀಲಿ ಮತ್ತು ಕ್ಲೀವಿ ಎಂಬಿಬ್ಬರು ಕಟ್ಟಿದ್ದು. ಅದು ಪನಾಮಾಕ್ಕೆ, ಪೋರ್ಟೊ ರಿಕೊಗೆ ಹೋಗಿ ರೆಗೆಟಾನ್ ಅನ್ನುವ ಸ್ಪ್ಯಾನಿಷ್ ಕುಣಿತದ ಹಾಡಾಯಿತು. 2021ರಲ್ಲಿ ಇವರ ಕಡೆಯಿಂದ ರೆಗೆಟಾನ್ ಹಾಡುಗಾರರ ಮೇಲೆ ಕೋರ್ಟಿನಲ್ಲಿ ಕೇಸೂ ಬಿತ್ತು. ಮಟ್ಟನ್ನು ಎಲ್ಲರೂ ಹಂಚಿಕೊಳ್ಳುವ ಊರಿನವರು ಕೇಸ್ ಹಾಕುವುದಾ ಅಂತ ಮೊದಲು ನನಗೂ ಅನ್ನಿಸಿತ್ತು. ಆದರೆ ಊರೊಳಗೆ ಹಂಚಿಕೊಳ್ಳುವುದು ಬೇರೆ, ಕೋಟಿಗಟ್ಟಲೆ ದುಡಿದವನು ಹೆಸರೂ ಹೇಳದೆ ಹೋಗುವುದು ಬೇರೆ, ಅಲ್ವಾ?

ಎಲ್ಲಾ ಚಂದ ಅಂತ ನಾನು ಹೇಳುತ್ತಿಲ್ಲ. ಈಗಿನ ಎಷ್ಟೋ ಡ್ಯಾನ್ಸ್‌ಹಾಲ್ ಹಾಡುಗಳಲ್ಲಿ ಬಂದೂಕು, ಫೋನಿನಲ್ಲಿ ಲಾಟರಿ ಹೆಸರು ಹೇಳಿ ದುಡ್ಡು ಹೊಡೆಯುವ ಜಂಬ. ಅಂಥವನ್ನು ರೇಡಿಯೋ, ಟಿವಿಯಲ್ಲಿ ಹಾಕಬಾರದು ಅಂತ 2022ರಲ್ಲಿ ಅಲ್ಲಿನ ಪ್ರಸಾರ ಆಯೋಗ ಆದೇಶ ಮಾಡಿತು. ಹುಡುಗರು ರೇಡಿಯೋ ಕೇಳಿದರೆ ತಾನೇ! ವೈಬ್ಸ್ ಕಾರ್ಟೆಲ್ ಅನ್ನುವ ಡ್ಯಾನ್ಸ್‌ಹಾಲ್ ಹಾಡುಗಾರನ ವಿಷಯವಂತೂ ಇನ್ನೂ ಗೋಜಲು. 2011ರಲ್ಲಿ ಬಂಧನ, 2014ರಲ್ಲಿ ಕೊಲೆ ಕೇಸಿನಲ್ಲಿ ಶಿಕ್ಷೆ. ಒಳಗಿದ್ದಾಗಲೂ ಅವನ ಹೊಸ ಹಾಡುಗಳು ಬರುತ್ತಲೇ ಇದ್ದವು. ಜ್ಯೂರಿಯಲ್ಲಿ ಲಂಚದ ಆರೋಪ ಬಂದದ್ದನ್ನು ಸರಿಯಾಗಿ ನಿಭಾಯಿಸಲಿಲ್ಲ ಅಂತ 2024ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೋರ್ಟು ಶಿಕ್ಷೆ ರದ್ದು ಮಾಡಿತು. (1962ರಲ್ಲೇ ಸ್ವಾತಂತ್ರ್ಯ ಬಂದರೂ ಅವರ ಕೊನೆಯ ಅಪೀಲು ಇನ್ನೂ ಲಂಡನ್ನಿಗೇ ಹೋಗುತ್ತದೆ, ನೋಡು.) ಆ ವರ್ಷದ ಕೊನೆಯ ರಾತ್ರಿ ಕಿಂಗ್‌ಸ್ಟನ್ನಿನ ನ್ಯಾಷನಲ್ ಸ್ಟೇಡಿಯಂನಲ್ಲಿ ಅವನ ಕಾರ್ಯಕ್ರಮ. ಮರುದಿನ ನಮ್ಮ ಅಕ್ಕನ ಫೋನಿನ ತುಂಬಾ ಅದರದೇ ವಿಡಿಯೋ. "ಹಾಡು ಇಷ್ಟ, ಮನುಷ್ಯನ ಬಗ್ಗೆ ಕೇಳಬೇಡ" ಅಂದರು. ನನ್ನದೂ ಅದೇ ಪಾಡು.

ಇಲ್ಲಿ ಎಗ್ಲಿಂಟನ್ ವೆಸ್ಟ್ ಅಂತ ಒಂದು ರಸ್ತೆ ಇದೆ, ಲಿಟಲ್ ಜಮೈಕಾ ಅಂತಾರೆ. ಮೊದಲು ರೆಕಾರ್ಡ್ ಅಂಗಡಿಗಳ ಸಾಲೇ ಇತ್ತಂತೆ. 2011ರಿಂದ ರೈಲು ಮಾರ್ಗದ ಕಾಮಗಾರಿ ವರ್ಷಗಟ್ಟಲೆ ಎಳೆದು ಎಷ್ಟೋ ಅಂಗಡಿ ಬಾಗಿಲು ಹಾಕಿದವು. ಉಳಿದ ಒಂದು ಹೋಟೆಲಿಗೆ ಅಕ್ಕ ನನ್ನನ್ನು ಕರೆದುಕೊಂಡು ಹೋದರು. ಆಡಿನ ಮಾಂಸದ ಕರಿ, ಅನ್ನ. ಬಾಗಿಲ ಪಕ್ಕ ಒಂದು ಹಳೆಯ ಬಾಕ್ಸ್, ಕಪ್ಪು ಬಟ್ಟೆ ಹರಿದದ್ದು. ಮೇಜಿನ ಮೇಲಿಟ್ಟ ನನ್ನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಉಂಗುರ ಏಳುತ್ತಿತ್ತು. ಹಾಡು ಕಿವಿಗಿಂತ ಮೊದಲು ಪಕ್ಕೆಲುಬಿಗೆ ಕೇಳಿಸಿತು. ಆಗ ಗೊತ್ತಾಯಿತು, ಇಷ್ಟು ವರ್ಷ ಇಯರ್‌ಫೋನಿನಲ್ಲಿ ನಾನು ಕೇಳಿದ್ದು ಅರ್ಧ ಹಾಡು ಅಂತ.

ಮೊನ್ನೆ ನನ್ನ ಮಗ ಸ್ಕೂಲಿಂದ ಬಂದವನು ಚೀಲ ಎಸೆದು ನನಗೆ "ವಾಗ್ವಾನ್" ಅಂದ. ಜಮೈಕಾದ ಮಾತು ಅದು, "ಏನ್ ಸಮಾಚಾರ" ಅಂತ. ಈ ಊರಿನ ಹುಡುಗರೆಲ್ಲ ಹಾಗೇ ಮಾತಾಡುವುದು, ಪಂಜಾಬಿ ಹುಡುಗರೂ, ನಮ್ಮ ಕನ್ನಡದವೂ. ಅವನಿಗೆ ಮಾರ್ಲಿ ಯಾರು ಅಂತಲೇ ಗೊತ್ತಿಲ್ಲ.

ನಿಮ್ಮಪ್ಪನ ಆ ದೊಡ್ಡ ಬಾಕ್ಸ್ ಅಟ್ಟದ ಮೇಲೆ ಇನ್ನೂ ಇದ್ದರೆ ಕೆಳಗಿಳಿಸು. ಧೂಳು ಒರೆಸಿ, ಸ್ಲೆಂಗ್ ಟೆಂಗ್ ಹಾಕು. ಫೋನಿನಲ್ಲಿ ಮಾತ್ರ ಕೇಳಬೇಡ. ಪಕ್ಕದ ಮನೆಯವರು ಜಗಳಕ್ಕೆ ಬಂದರೆ ನನ್ನ ಹೆಸರು ಹೇಳು.

ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ,
ಹಾಸ್ಟೆಲಿನ ಮೇಲಿನ ಮಂಚದವನು