ನಮ್ಮ ಭಾವನ ಬಗ್ಗೆ ಇನ್ನೊಂದೆರಡು ಮಾತು

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಿಮ್ಮ ಪೇಪರ್‌ನ ನಿಧನ ಕಾಲಂನಲ್ಲಿ ನಮ್ಮ ಭಾವನ ಫೋಟೊ ಹಾಕಿದ್ರಿ, ಥ್ಯಾಂಕ್ಸ್. ಪತ್ನಿ, ಇಬ್ಬರು ಹೆಣ್ಣುಮಕ್ಕಳು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ ಅಂತ ಇತ್ತು. ಆ ಅಪಾರ ಬಂಧುಬಳಗದಲ್ಲಿ ನಾನೊಬ್ಬ, ಅವರ ಭಾಮೈದ. ಆ ನಾಲ್ಕು ಲೈನಲ್ಲಿ ಹಿಡಿಸದೇ ಇದ್ದದ್ದು ಸ್ವಲ್ಪ ಇದೆ, ಜಾಗ ಇದ್ರೆ ಹಾಕಿ.

ಭಾವ ಕೆಆರ್‌ಎಸ್ ಡ್ಯಾಮಿಂದ ಬರೋ ವಿಸಿ (ವಿಶ್ವೇಶ್ವರಯ್ಯ) ನಾಲೆಲಿ ಸೌಡಿ ಆಗಿದ್ರು. ಮಂಡ್ಯದೋರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯೋರಿಗೆ ಹೇಳ್ತೀನಿ, ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿ ಪ್ರಕಾರ ನೀರು ಬಿಡೋ ಕೆಲಸ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷ ಸೌಡಿ ನೆನಪು ಯಾರಿಗೂ ಇರಲ್ಲ, ನೀರು ಸಾಲದೆ ಕಟ್ಟು ನೀರು, ಅಂದ್ರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ ಲೆಕ್ಕದ ನೀರು ಬಿಡೋ ವರ್ಷ ಬೈಗುಳ ಪೂರ್ತಿ ಅವರಿಗೇ. ರಾತ್ರಿ ಎರಡಕ್ಕೆ ಟಾರ್ಚ್ ಹಿಡ್ಕೊಂಡು ನಾಲೆ ಏರಿ ಮೇಲೆ ನಡ್ಕೊಂಡೋಗಿ, ಮೇಲಿನ ಗದ್ದೆಯೋರು ಕದ್ದು ಒಡೆದಿದ್ದ ಮಡೆ ಮುಚ್ಚಿ, ಕೊನೆ ಭಾಗದೋರಿಗೆ ನೀರು ಮುಟ್ಟೋವರೆಗೂ ಅಲ್ಲೇ ಕೂತಿರೋರು. ನಾನು ಪಿಯುಸಿ ಫೇಲಾಗಿ ಅವರ ಮನೇಲಿ ಬಿದ್ದಿದ್ದಾಗ ನನ್ನನ್ನೂ ಕರ್ಕೊಂಡೋಗೋರು, ಫೇಲಾಗಿದ್ದರ ಬಗ್ಗೆ ಒಂದು ಮಾತಿಲ್ಲ, "ನಡಿಯಪ್ಪಾ, ಮನೇಲಿದ್ರೆ ನಿಮ್ಮಕ್ಕ ಬಯ್ತಾಳೆ" ಅಷ್ಟೇ.

ಶುಗರ್ ಹದಿನೈದು ವರ್ಷದಿಂದ ಇತ್ತು. ಮಂಡಿ ನೋವಿಗೆ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತಗೊಂಡ ಮಾತ್ರೆ ನುಂಗೋರು. ಕಾಲು ಊದ್ಕೊಂಡಾಗ "ನಡ್ದಿದ್ದು ಜಾಸ್ತಿ ಆಯ್ತು ಕಣ್ಲಾ" ಅಂದ್ರು, ನಾವೂ ನಂಬಿದ್ವಿ. ಕಿಡ್ನಿ ಹೇಗಿದೆ ಅಂತ ತೋರ್ಸೋ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡ್ಸೋ ಹೊತ್ತಿಗೆ ಎರಡೂ ಕಿಡ್ನಿ ಕೆಟ್ಟಿದ್ವು. ಕಿಡ್ನಿ ಬಹುಪಾಲು ಹೋಗೋತನಕ ನೋವು ಗೀವು ಏನೂ ಇರಲ್ಲ, ಅದೇ ಮೋಸ. ಶುಗರ್, ಬಿಪಿ ಇರೋರು ವರ್ಷಕ್ಕೊಂದ್ಸಲ ಕ್ರಿಯಾಟಿನಿನ್ನು, ಜೊತೆಗೆ ಯೂರಿನ್‌ನಲ್ಲಿ ಪ್ರೋಟೀನ್ ಹೋಗ್ತಿದ್ಯಾ ಅಂತ ಟೆಸ್ಟ್ ಮಾಡ್ಸಿ ದಯವಿಟ್ಟು, ನಾವು ಬರೀ ಶುಗರ್ ನೋಡ್ಸಿ ವಾಪಸ್ ಬರ್ತಿದ್ವಿ.

ಆಮೇಲೆ ಎರಡು ವರ್ಷ ಡಯಾಲಿಸಿಸ್, ವಾರಕ್ಕೆ 3 ಸಲ, ಒಂದೊಂದ್ಸಲಕ್ಕೆ 4 ಗಂಟೆ. ಯೂರಿನ್ ನಿಂತೋಗಿದ್ರಿಂದ ಕುಡಿಯೋ ನೀರಿಗೂ ಲೆಕ್ಕ, ಕಾಫಿ ಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ಒಳಗೆ. ಎಳನೀರಂತೂ ಮುಟ್ಟೋ ಹಾಗಿಲ್ಲ, ಪೊಟ್ಯಾಸಿಯಂ ಏರಿದ್ರೆ ಹಾರ್ಟೇ ನಿಲ್ಲಬಹುದು ಅಂದಿದ್ರು ಡಾಕ್ಟ್ರು, ಪಕ್ಕದ ಮದ್ದೂರಲ್ಲಿ ನೋಡಿದ್ರೆ ಲಾರಿಗಟ್ಟಲೆ ಎಳನೀರು. ಅಕ್ಕ ಬೆಳಿಗ್ಗೆನೇ ಬಾಟಲ್‌ಗೆ ಅಳೆದು ಇಡೋಳು. ಒಂದಿನ ಭಾವ ಆ ಬಾಟಲ್ ಎತ್ತಿ ನೋಡಿ "ನಂಗೂ ಕಟ್ಟು ನೀರು ಮಾಡವ್ಳೆ ಕಣ್ಲಾ ನಿಮ್ಮಕ್ಕ" ಅಂದ್ರು. ಅಕ್ಕ ಎದ್ದು ಒಳಗೋದ್ಲು. ಕದ್ದು ಒಂದು ಲೋಟ ಕುಡಿದೋರಲ್ಲ ಅವರು, ನಾನಾಗಿದ್ರೆ ಕುಡಿತಿದ್ದೆ.

ಮೊನ್ನೆ ನಾಲೆಗೆ ನೀರು ಬಿಟ್ರು. ಭಾವನ ನಂಬರ್ ಇನ್ನೂ ಎಷ್ಟೋ ಜನರ ಫೋನಲ್ಲಿದೆ, ನಮ್ಮ ಕಡೆಗೆ ಯಾವಾಗ ಬತ್ತದೆ ಅಂತ ಕೇಳ್ತಾರೆ. ಅಕ್ಕ ಈಗಿರೋ ಹುಡುಗನಿಗೆ ಫೋನ್ ಮಾಡಿ ವಿಚಾರಿಸಿ, ಅವರಿಗೆ ವಾಪಸ್ ಮಾಡಿ ಟೈಮ್ ಹೇಳ್ತಾಳೆ. ಅವರಿಲ್ಲ ಅಂತ ಹೇಳಲ್ವೇನಕ್ಕಾ ಅಂದೆ. "ನೀರು ಯಾವಾಗ ಅಂತ ಕೇಳವ್ರೆ, ಮೊದ್ಲು ಅದ್ಹೇಳ್ಬೇಕಲ್ವಾ" ಅಂದ್ಲು.

ಇಂತಿ,
ಒಬ್ಬ ಓದುಗ, ಮಂಡ್ಯ