ಗೋಡೆಗೆ ಏಣಿ ಹಾಕಿಸಿದವನ ಪಾರ್ಕಿನಿಂದ

ಲಂಡನ್, ಜೂನ್ 14

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ.

ನಮ್ಮ ಮನೆಯ ಹತ್ತಿರದ ರಿಚ್ಮಂಡ್ ಪಾರ್ಕಿನಲ್ಲಿ ಈಗ ನಾಯಿಯ ಹಗ್ಗ ಬಿಚ್ಚುವಂತಿಲ್ಲ, ಅಣಬೆ ಕೀಳುವಂತಿಲ್ಲ, ಬಿದ್ದ ಕೊಂಬೆಯನ್ನೂ ಮನೆಗೆ ತರುವಂತಿಲ್ಲ ಎಂದು ಕಳೆದ ವಾರ ಫೋನಿನಲ್ಲಿ ಹೇಳಿದಾಗ ನೀವು, "ಹಾಗಾದರೆ ಅದನ್ನು ಪಾರ್ಕ್ ಎಂದೇಕೆ ಕರೆಯಬೇಕು, ಕಾಡು ಎಂದು ಬೋರ್ಡು ಬರೆದು ಬೀಗ ಜಡಿದುಬಿಡಲಿ" ಎಂದು ನಕ್ಕಿರಿ. ಆಗ ಸರಿಯಾಗಿ ಉತ್ತರ ಕೊಡಲಾಗಲಿಲ್ಲ; ಅದಕ್ಕೇ ಈ ಕಾಗದ.

ಬೀಗ ಜಡಿಯುವ ಪ್ರಯತ್ನ ಇಲ್ಲಿ ಹಿಂದೆಯೇ ನಡೆದು ಸೋತಿದೆ ಅಪ್ಪಾ. 1637ರಲ್ಲಿ ಒಂದನೇ ಚಾರ್ಲ್ಸ್ ದೊರೆ ಜಿಂಕೆ ಬೇಟೆಗೆಂದು ಸುಮಾರು 2,500 ಎಕರೆ ಜಾಗಕ್ಕೆ ಗೋಡೆ ಸುತ್ತಿಸಿದ. ಅದರೊಳಗೆ ಊರವರ ಹೊಲಗಳೂ ಹುಲ್ಲುಗಾವಲೂ ಸೇರಿಹೋದದ್ದರಿಂದ ಎದ್ದ ಅಸಮಾಧಾನವನ್ನು ತಣಿಸಲು, ಕಾಲುದಾರಿಯಲ್ಲಿ ನಡೆಯುವುದಕ್ಕೂ ಸೌದೆ ಆಯುವುದಕ್ಕೂ ಅನುಮತಿ ಕೊಟ್ಟ. ನೂರು ವರ್ಷ ಕಳೆದ ಮೇಲೆ ಪಾರ್ಕಿನ ಉಸ್ತುವಾರಿಗೆ ಬಂದ ರಾಜಕುಮಾರಿ ಅಮೇಲಿಯಾ, ತನಗೆ ಬೇಕಾದ ಕೆಲವರನ್ನು ಬಿಟ್ಟು ಉಳಿದವರಿಗೆಲ್ಲ ಬಾಗಿಲು ಮುಚ್ಚಿಸಿದಳು. ರಿಚ್ಮಂಡಿನ ಬಿಯರ್ ತಯಾರಕ ಜಾನ್ ಲೂಯಿಸ್ ಎಂಬಾತ ಅರಮನೆಯವರಿಗೆ ಹೆದರದೆ ನ್ಯಾಯಾಲಯದ ಮೆಟ್ಟಿಲೇರಿ 1758ರಲ್ಲಿ ಗೆದ್ದ. ಗೋಡೆಗೆ ಬಾಗಿಲು ಬೇಕೋ, ದಾಟಲು ಏಣಿ ಬೇಕೋ ಎಂದು ನ್ಯಾಯಾಧೀಶರು ಕೇಳಿದಾಗ, ಬಾಗಿಲನ್ನು ಮುಂದೆ ಯಾರಾದರೂ ಮುಚ್ಚಿಬಿಡಬಹುದೆಂದು ಯೋಚಿಸಿ ಏಣಿಯನ್ನೇ ಕೇಳಿದನಂತೆ. ಹಾಕಿಕೊಟ್ಟ ಏಣಿಯ ಮೆಟ್ಟಿಲುಗಳ ನಡುವೆ ಬೇಕೆಂದೇ ಎನ್ನುವಷ್ಟು ಅಂತರ ಬಿಟ್ಟಿದ್ದರಿಂದ, ಮುದುಕರೂ ಮಕ್ಕಳೂ ಹತ್ತುವಂತಿರಬೇಕೆಂದು ಮತ್ತೆ ದೂರು ಕೊಟ್ಟು ಸರಿಮಾಡಿಸಿದ ಎಂಬ ಕತೆಯನ್ನು ಇಲ್ಲಿ ಈಗಲೂ ಹೇಳುತ್ತಾರೆ. ನಿಮ್ಮಂಥ ಹಟವಾದಿಯೇ ಸರಿ.

ಹೀಗೆ ಗಳಿಸಿದ ಹಕ್ಕಿನ ಬಲದಿಂದ ಇಂದು ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ಸಲ ಜನರು ಬಂದುಹೋಗುವ ಈ ಪಾರ್ಕಿನಲ್ಲಿ 600ಕ್ಕೂ ಹೆಚ್ಚು ಜಿಂಕೆಗಳು ಬೇಲಿಯಿಲ್ಲದೆ ತಿರುಗುತ್ತವೆ. ಅವು ಕತ್ತೆತ್ತಿ ಮೇಯುವುದರಿಂದ ಮರಗಳ ಕೆಳಗಿನ ಎಲೆಗಳೆಲ್ಲ ಒಂದೇ ಎತ್ತರದಲ್ಲಿ, ಕತ್ತರಿ ಹಿಡಿದು ಸಮ ಮಾಡಿದಂತೆ ಕಾಣುತ್ತವೆ. ಮೇ 1ರಿಂದ ಜುಲೈ 31ರವರೆಗೆ ಮರಿ ಹಾಕುವ ಕಾಲವಾದ್ದರಿಂದ ನಾಯಿಗಳನ್ನು ಹಗ್ಗದಲ್ಲೇ ಹಿಡಿದಿರಬೇಕು. ಈ ನಿಯಮದ ಅರ್ಥ ನನಗೆ ತಿಳಿದದ್ದು ನನ್ನ ತಪ್ಪಿನಿಂದಲೇ. ಹೋದ ವರ್ಷ ಜೂನಿನಲ್ಲಿ ಒಂದು ಫೋಟೊದ ಆಸೆಗೆ ದಾರಿ ಬಿಟ್ಟು, ಸೊಂಟದೆತ್ತರ ಬೆಳೆದ ಬ್ರ್ಯಾಕನ್ ಎಂಬ ಜರೀಗಿಡಗಳ ನಡುವೆ ನುಗ್ಗಿದೆ. ತುಸು ದೂರದಲ್ಲಿದ್ದ ಹೆಣ್ಣು ಜಿಂಕೆಯೊಂದು ನೆಲಕ್ಕೆ ಕಾಲು ಬಡಿದು ನಾಯಿಯಂತೆ ಬೊಗಳಿತು. ಬೆಚ್ಚಿ ಕೆಳಗೆ ನೋಡಿದರೆ, ನನ್ನಿಂದ ಎರಡು ಮಾರು ದೂರದಲ್ಲಿ ಬೆನ್ನ ಮೇಲೆ ಬಿಳಿ ಚುಕ್ಕೆಗಳಿದ್ದ ಮರಿಯೊಂದು ಗದ್ದವನ್ನು ನೆಲಕ್ಕೆ ಒತ್ತಿಕೊಂಡು ಮಲಗಿತ್ತು. ಕಿವಿ ಕೂಡ ಅಲುಗಲಿಲ್ಲ. ಹುಟ್ಟಿದ ಹೊಸತರಲ್ಲಿ ಅವು ಓಡುವುದಿಲ್ಲ, ಅಲುಗದೆ ಮಲಗುವುದೇ ಅವುಗಳ ರಕ್ಷಣೆ. ಮನುಷ್ಯನ ಕಣ್ಣಿಗೆ ಅದು ಸಾಕು, ನಾಯಿಯ ಮೂಗಿಗೆ ಸಾಲದು. ನಾಯಿ ಹತ್ತಿರ ಸುಳಿದರೆ ತಾಯಿಯೂ ಸುಮ್ಮನಿರುವುದಿಲ್ಲ. ನಾನು ಹಿಮ್ಮುಖವಾಗಿಯೇ ನಡೆದು ಹೊರಬಂದೆ. ಫೋಟೊ ತೆಗೆಯಲಿಲ್ಲ.

ಸ್ಕೈಲಾರ್ಕ್ ಎಂಬ ಹಕ್ಕಿಯ ಪಾಡೂ ಇಂಥದ್ದೇ. ಗಂಡು ಹಕ್ಕಿ ಕಣ್ಣಿಗೆ ಕಾಣದಷ್ಟು ಎತ್ತರಕ್ಕೇರಿ ನಿಮಿಷಗಟ್ಟಲೆ ಬಿಡದೆ ಹಾಡುವುದರಿಂದ ಎಲ್ಲರೂ ಆಕಾಶ ನೋಡುತ್ತಾರೆ. ಗೂಡು ಮಾತ್ರ ಹುಲ್ಲಿನ ಬುಡದಲ್ಲಿ, ನೆಲದ ಮೇಲೆ. ಅದರ ಪಕ್ಕದಲ್ಲೇ ಯಾರಾದರೂ ಏನೂ ತಿಳಿಯದೆ ಚಾಪೆ ಹಾಸಿ ಗಂಟೆಗಟ್ಟಲೆ ಕುಳಿತರೆ ತಾಯಿ ಇಳಿಯಲಾರದೆ ಮೊಟ್ಟೆಗಳು ತಣ್ಣಗಾಗುತ್ತವೆ. ಕೆಟ್ಟ ಉದ್ದೇಶವಿಲ್ಲದವರಿಂದಲೇ ಇಲ್ಲಿ ಹೆಚ್ಚು ಹಾನಿ, ಆದ್ದರಿಂದ ದಂಡಕ್ಕಿಂತ ತಿಳಿವಳಿಕೆ ಹೇಳುವ ಫಲಕವೇ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನಿಸಿಕೆ. ಏಕೆ ಹೋಗಬಾರದು, ಎಂದಿನವರೆಗೆ ಹೋಗಬಾರದು ಎಂದು ಬರೆದಿದ್ದರೆ ಜನ ಗೊಣಗಿಕೊಂಡಾದರೂ ಪಾಲಿಸುತ್ತಾರೆ. ಬರೀ "ಪ್ರವೇಶವಿಲ್ಲ" ಎಂದರೆ ಲೂಯಿಸನ ವಂಶದವರು ಎಲ್ಲ ಕಡೆಯೂ ಇದ್ದಾರೆ.

ಚಾರ್ಲ್ಸ್ ಬಿಟ್ಟುಕೊಟ್ಟಿದ್ದ ಸೌದೆಯ ವಿಷಯ ಈಗ ತಿರುಗುಮುರುಗಾಗಿದೆ. ಬಿದ್ದ ಓಕ್ ಮರಗಳನ್ನು ಅಲ್ಲೇ ಕೊಳೆಯಲು ಬಿಡುತ್ತಾರೆ, ಏಕೆಂದರೆ ಕೋಡಿನಂಥ ದವಡೆಯ ಸ್ಟ್ಯಾಗ್ ಬೀಟಲ್ ಎಂಬ ದೊಡ್ಡ ಜೀರುಂಡೆಯ ಮರಿಹುಳು ನೆಲದಡಿಯ ಕೊಳೆತ ಮರವನ್ನು ತಿನ್ನುತ್ತ ವರ್ಷಗಟ್ಟಲೆ ಬದುಕಿ, ರೆಕ್ಕೆ ಬಂದ ಮೇಲೆ ಕೆಲವೇ ವಾರ ಹೊರಗಿರುತ್ತದೆ. ಈ ಪಾರ್ಕಿಗೆ ವಿಶೇಷ ಸಂರಕ್ಷಣೆಯ ಪಟ್ಟ ಸಿಕ್ಕಿರುವುದೂ ಈ ಜೀರುಂಡೆಯ ದೆಸೆಯಿಂದಲೇ. ನೋಡುವವರಿಗೆ ಮಾತ್ರ ಅದು ಗುಡಿಸದೆ ಬಿಟ್ಟ ಅಂಗಳ.

ಎಲ್ಲವೂ ಸರಿಯಿದೆ ಎಂದು ನಾನು ಹೇಳಲಾರೆ. ನಡೆದು ಬರುವವನಿಗೆ ಇಷ್ಟೊಂದು ಕಟ್ಟಳೆಗಳಿರುವಾಗ ಹಗಲಲ್ಲಿ ಕಾರುಗಳು ಪಾರ್ಕಿನೊಳಗೇ ಓಡುತ್ತವೆ. 2020ರಿಂದ ಕೆಲವು ರಸ್ತೆಗಳಲ್ಲಿ ಕಾರುಗಳು ಪಾರ್ಕನ್ನು ಹಾದು ಆಚೆಗೆ ಹೋಗುವುದನ್ನು ನಿಲ್ಲಿಸಿದ್ದಾರೆ, ಅಷ್ಟೆ. ಇನ್ನೊಂದು ವಿಷಯವನ್ನು ಅಮ್ಮನಿಗೆ ಓದಿ ಹೇಳಬೇಡಿ. ಜಿಂಕೆಗಳನ್ನು ತಿನ್ನುವ ಪ್ರಾಣಿ ಇಲ್ಲಿಲ್ಲದ ಕಾರಣ, ಮೇವಿಗೆ ತಕ್ಕಷ್ಟೇ ಸಂಖ್ಯೆ ಉಳಿಸಿಕೊಳ್ಳಲು ವರ್ಷದಲ್ಲಿ ಎರಡು ಅವಧಿ ರಾತ್ರಿ ಹೊತ್ತು ಪಾದಚಾರಿ ಗೇಟುಗಳನ್ನೂ ಮುಚ್ಚಿ ಕೆಲವನ್ನು ಗುಂಡಿಟ್ಟು ಕೊಲ್ಲುತ್ತಾರೆ. ಗೋಡೆಯೊಳಗೆ ಪ್ರಕೃತಿಯನ್ನು ಇಟ್ಟುಕೊಂಡ ಮೇಲೆ ಈ ಲೆಕ್ಕವನ್ನೂ ಮನುಷ್ಯನೇ ಹೊರಬೇಕಾಗುತ್ತದೆ ಎಂದು ಬುದ್ಧಿ ಒಪ್ಪುತ್ತದೆ, ಮನಸ್ಸು ಇನ್ನೂ ಒಪ್ಪಿಲ್ಲ.

ನೀವಿಬ್ಬರೂ ಬರುವುದು ಸೆಪ್ಟೆಂಬರ್ ಕೊನೆಗಾದ್ದರಿಂದ ಆಗ ಗಂಡು ಜಿಂಕೆಗಳು ಘರ್ಜಿಸುತ್ತ ಕೊಂಬು ಕೊಂಬು ತಾಗಿಸಿ ಕಾದಾಡುವ ಕಾಲ. 50 ಮೀಟರ್ ದೂರದಿಂದಲೇ ನೋಡಬೇಕು, ನಿಮ್ಮ ದುರ್ಬೀನು ಮರೆಯದೆ ತನ್ನಿ. ಅಮ್ಮನ ಮಂಡಿನೋವಿನ ಚಿಂತೆ ಬೇಡ. ಲೂಯಿಸ್ ಏಣಿ ಹಾಕಿಸಿದ ಶೀನ್ ಗೇಟಿನಲ್ಲಿ ಈಗ ನಡೆದೇ ಒಳಗೆ ಹೋಗಬಹುದು.

ಇಂತಿ,
ನಿಮ್ಮ ಪ್ರೀತಿಯ ಮಗಳು