ಸ್ಮಾರ್ಟ್ ಬೋರ್ಡಿನ ಹಿಂದಿನ ಕೆಲಸಕ್ಕೆ ನೆರವಾಗಿ: ದೇಣಿಗೆ ಮನವಿ

ಮಾನ್ಯ ದಾನಿಗಳೇ, ಶಾಲೆಯ ಹಳೆಯ ವಿದ್ಯಾರ್ಥಿಗಳೇ,

ರಾಯಚೂರು ಜಿಲ್ಲೆ ಮಾನ್ವಿ ತಾಲ್ಲೂಕಿನ ನಮ್ಮ ಪ್ರೌಢಶಾಲೆಯಲ್ಲಿ 8, 9, 10ನೇ ತರಗತಿಗಳಿಗೆ ತಲಾ ಒಂದು 65 ಇಂಚಿನ ಸ್ಮಾರ್ಟ್ ಬೋರ್ಡ್, ಅಂದರೆ ಬೆರಳಿನಿಂದ ಮುಟ್ಟಿ ನಡೆಸುವ ಟಚ್ ಬೋರ್ಡ್ ಹಾಕಿಸಬೇಕೆಂದಿದ್ದೇವೆ. ಬೋರ್ಡ್ ಕೊಡಿಸಲು ಮುಂದೆ ಬರುವವರಿದ್ದಾರೆ. ಅದು ಕೆಡದೆ ನಡೆಯಲು ಬೇಕಾದ ಉಳಿದ ಕೆಲಸಕ್ಕೆ ಯಾರೂ ಸಿಗುವುದಿಲ್ಲ. ಈ ಮನವಿ ಅದಕ್ಕೇ.

ಮೊದಲನೆಯದು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ. ಮಾರ್ಚ್ ಹೊತ್ತಿಗೆ ನಮ್ಮ ಎರೆ ಭೂಮಿ ಬಿರುಕು ಬಿಡುತ್ತದೆ, ಒಣ ಮಣ್ಣಿನಲ್ಲಿ ಅರ್ಥ್ ಹಿಡಿಯುವುದಿಲ್ಲ. ಆಗ ಬೋರ್ಡಿನ ಲೋಹದ ಚೌಕಟ್ಟು ಮುಟ್ಟಿದ ಮಗುವಿಗೆ ಕೈ ಜುಮ್ಮೆನ್ನುತ್ತದೆ, ಲ್ಯಾಪ್‌ಟಾಪ್ ಜೋಡಿಸುವ ಪೋರ್ಟ್ ಸುಟ್ಟುಹೋಗಬಹುದು. ಎಂಟು ಅಡಿ ಗುಂಡಿ, ಜಿಐ ಪೈಪ್, ಸುತ್ತ ಇದ್ದಿಲು ಮತ್ತು ಉಪ್ಪಿನ ಪದರ, ಮೇಲೆ ನೀರು ಹಾಕಲು ಬಾಯಿ ಬೇಕು. ಬೇಸಿಗೆಯಲ್ಲಿ ವಾರಕ್ಕೆರಡು ಕೊಡ ನೀರು ನಾವೇ ಹಾಕುತ್ತೇವೆ. ನ್ಯೂಟ್ರಲ್–ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟರೆ 3 ವೋಲ್ಟ್ ದಾಟಬಾರದು. ಆ ಮಿತಿಯೊಳಗೆ ಬಂದ ಮೇಲೆಯೇ ಬೋರ್ಡನ್ನು ಗೋಡೆಗೆ ಏರಿಸುವುದು.

ಪೀರಿಯಡ್ 40 ನಿಮಿಷದ್ದು. ನಡುವೆ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳಲು ಒಂದೆರಡು ನಿಮಿಷ ಸಾಕು, ಚದುರಿದ ಮಕ್ಕಳನ್ನು ಪಾಠಕ್ಕೆ ತರಲು ಹತ್ತು ನಿಮಿಷ ಬೇಕು. ಪ್ರತಿ ಕೋಣೆಗೆ ಒಂದು ಇನ್ವರ್ಟರ್, 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿಯ ಸಾಮರ್ಥ್ಯದ ಅಳತೆ) ಟ್ಯೂಬ್ಯುಲರ್ ಬ್ಯಾಟರಿ ಒಂದು ಇದ್ದರೆ, 200 ವ್ಯಾಟ್ ಎಳೆಯುವ ಬೋರ್ಡ್ ನಾಲ್ಕು ಗಂಟೆ ನಡೆಯುತ್ತದೆ. ಫ್ಯಾನನ್ನು ಅದೇ ಲೈನಿಗೆ ಕೊಟ್ಟರೆ ಆ ಹೊತ್ತು ಕಡಿಮೆಯಾಗುತ್ತದೆ, ಹಾಗಾಗಿ ವೈರಿಂಗ್ ಬೇರೆಯೇ ಎಳೆಸಬೇಕು.

ಇನ್ನು ಧೂಳು. ಇನ್‌ಫ್ರಾರೆಡ್ ಬೋರ್ಡ್ ಅಂಚಿನಿಂದ ಹೊರಡುವ ಕಣ್ಣಿಗೆ ಕಾಣದ ಬೆಳಕಿನಿಂದ ಬೆರಳನ್ನು ಗುರುತಿಸುತ್ತದೆ; ಆ ಅಂಚಿನಲ್ಲಿ ಸೀಮೆಸುಣ್ಣದ ಪುಡಿ ಕೂತರೆ ಯಾರೂ ಮುಟ್ಟದಿದ್ದರೂ ಬೋರ್ಡಿನ ಮೇಲೆ ಗೆರೆ ಮೂಡುತ್ತದೆ. ಅದಕ್ಕೆ ಕಪ್ಪುಹಲಗೆಯನ್ನು ಪಕ್ಕದ ಗೋಡೆಗೆ ಸರಿಸುತ್ತೇವೆ. ಪಶ್ಚಿಮದ ಕಿಟಕಿಗಳಿಗೆ ದಪ್ಪ ಪರದೆ ಬೇಕು. ಬಿಸಿಲು ಬಿದ್ದರೆ ಹಿಂದಿನ ಬೆಂಚಿಗೆ ಏನೂ ಕಾಣದು.

ಇಷ್ಟೆಲ್ಲ ಯಾಕೆಂದರೆ, 10ನೇ ತರಗತಿಯ ಸ್ಪರ್ಶಕದ ಪಾಠದಲ್ಲಿ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ತೆರೆದು, ವೃತ್ತದ ಹೊರಗಿನ ಬಿಂದುವನ್ನು ಮಗುವೇ ಬೆರಳಿನಿಂದ ಎಳೆದಾಗ ಎರಡೂ ಸ್ಪರ್ಶಕಗಳ ಅಳತೆ ಬದಲಾಗುತ್ತಲೇ ಸಮನಾಗಿ ಉಳಿಯುತ್ತದೆ. ಪ್ರಮೇಯ ಬಾಯಿಪಾಠ ಮಾಡುವ ಮೊದಲೇ ಕಣ್ಣಿಗೆ ಬಿದ್ದಿರುತ್ತದೆ. ಹತ್ತಿ ಬಿಡಿಸುವ ದಿನಗಳಲ್ಲಿ ಗೈರಾದವರಿಗೆ ಬೋರ್ಡಿನ ಬರಹವನ್ನು ಉಳಿಸಿಟ್ಟು ಮತ್ತೆ ತೋರಿಸಬಹುದು. ನೆಟ್‌ವರ್ಕ್ ನಂಬುವಂತಿಲ್ಲ, ಪಾಠಗಳನ್ನು ಮೊದಲೇ ಇಳಿಸಿಡಲು 1 ಟಿಬಿಯ ಹಾರ್ಡ್ ಡಿಸ್ಕ್ ಒಂದು ಬೇಕು.

ಒಬ್ಬರು ಒಂದು ಬ್ಯಾಟರಿ, ಇನ್ನೊಬ್ಬರು ಒಂದು ಕಿಟಕಿಯ ಪರದೆ ಕೊಟ್ಟರೂ ಸಂತೋಷ. ಹಣವಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೆ ಚೆಕ್ ಬರೆಯಿರಿ. ವಸ್ತುವಾದರೆ ಬಿಲ್ಲು, ವಾರಂಟಿ ಕಾರ್ಡು ಶಾಲೆಯ ಹೆಸರಿಗೇ ಇರಲಿ, ಇಲ್ಲದಿದ್ದರೆ ರಿಪೇರಿಗೆ ತೊಡಕಾಗುತ್ತದೆ. ರಸೀದಿಯನ್ನು ಅಂದೇ ಕೊಡುತ್ತೇವೆ. ದಾಸ್ತಾನು ಪುಸ್ತಕವನ್ನು ಶಾಲೆಯ ಕಚೇರಿಯಲ್ಲಿ ಯಾವಾಗ ಬೇಕಾದರೂ ನೋಡಬಹುದು.

ಇಂತಿ,
ಮುಖ್ಯಶಿಕ್ಷಕರು ಹಾಗೂ ಎಸ್‌ಡಿಎಂಸಿ ಸದಸ್ಯರು